ನಮ್ಮ ನಂತರ ಇವನಿಗೆ ಯಾರು?

ಮುಂಬಯಿಯ ಮುಲುಂಡಿನಲ್ಲಿ ಬಹುಕಾಲದಿಂದ ನೆಲೆಸಿರುವ, ಉಡುಪಿ ಕಡೆಯ ವೃದ್ಧ ದಂಪತಿ ಬೌದ್ಧಿಕ ವಿಕಲತೆಯುಳ್ಳ 34 ವರ್ಷದ ಮಗನೊಂದಿಗೆ ನನ್ನಲ್ಲಿಗೆ ಬಂದಿದ್ದರು. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.) "ಮೇಡಂ, ನಾವು ಹೋದ ಮೇಲೆ ಇವನಿಗೆ ಯಾರು?" ಎಂದು ಕೇಳುವಾಗ ತಾಯಿಯ ಕಣ್ಣು ತುಂಬಿತ್ತು. ಪುಣೆಯಲ್ಲಿರುವ ಮಗಳೇ ನೋಡಿಕೊಳ್ಳಲಿ ಎಂದು ತಂದೆ ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟಿದ್ದರು. ಆದರೆ ಮಗಳನ್ನು ಕೇಳಿರಲಿಲ್ಲ, ಮಗನನ್ನು ಕೇಳಬೇಕೆಂದು ಹೊಳೆದೇ ಇರಲಿಲ್ಲ.

ನಾನು ಹಾಳೆಯ ನಡುವೆ ಮಗನ ಹೆಸರು ಬರೆದು, "ನಿನಗೆ ಯಾರ್ಯಾರು ಬೇಕು, ಹೇಳಪ್ಪಾ" ಎಂದೆ. ಅಕ್ಕನ ಹೆಸರು ಮೊದಲು ಬಂತು. ಆಮೇಲೆ ಸ್ವಲ್ಪ ಹೊತ್ತು ಬೆರಳು ಮಡಚುತ್ತ ಕುಳಿತವನು, "ಹೂವಿನ ಮಾವಶಿ" ಎಂದ. ಮಾವಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ; ಹೂ ಮಾರುವವಳನ್ನು ಅವನು ಕರೆಯುವುದು ಹಾಗೆ. ದಿನವೂ ಬೆಳಿಗ್ಗೆ ಅವಳ ಬುಟ್ಟಿ ಇಳಿಸಿಕೊಡುವುದು ಅವನ ಕೆಲಸವೆಂದೂ, ಎರಡು ದಿನ ಅವನು ಕಾಣದಿದ್ದರೆ ಅವಳು ಮೆಟ್ಟಿಲು ಹತ್ತಿ ಬರುತ್ತಾಳೆಂದೂ ತಾಯಿ ಆಗ ನೆನಪಿಸಿಕೊಂಡರು.

ಕೆನಡಾದ ವ್ಯಾಂಕೂವರ್‌ನಲ್ಲಿ 1989ರಲ್ಲಿ ಇಂಥ ಮಕ್ಕಳ ತಂದೆತಾಯಿಯರು ಕಟ್ಟಿದ 'ಪ್ಲ್ಯಾನ್' ಸಂಸ್ಥೆಯ ದಾರಿಯೂ ಇದೇ: ಒಬ್ಬರ ಹೆಗಲಿಗೆ ಎಲ್ಲವನ್ನೂ ಹೊರಿಸದೆ, ಪ್ರೀತಿಯಿಂದ ಬರುವ ಕೆಲವರನ್ನು ಹೆತ್ತವರು ಇರುವಾಗಲೇ ಒಟ್ಟುಗೂಡಿಸುವುದು. ಆ ಕೆಲವರು ಮಗನಿಗೆ ಮಾತ್ರವಲ್ಲ, ಪರಸ್ಪರರಿಗೂ ಪರಿಚಿತರಾಗಿರಬೇಕು. ಅಕ್ಕನ ಫೋನ್ ನಂಬರ್ ಮಾವಶಿಯ ಬಳಿ ಇಲ್ಲದಿದ್ದರೆ ಅವಳ ಕಾಳಜಿ ಮೆಟ್ಟಿಲಲ್ಲೇ ನಿಂತುಹೋಗುತ್ತದೆ. ಆದ್ದರಿಂದ ತಿಂಗಳಿಗೊಮ್ಮೆ ಮನೆಯಲ್ಲೇ ಚಹಾಕ್ಕೆ ಎಲ್ಲರನ್ನೂ ಕರೆಯಿರಿ, ಕರೆಯುವವನು ಮಗನೇ ಆಗಿರಲಿ ಎಂದೆ.

ಕಾನೂನಿನ ಕೆಲಸ ಬೇರೆ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಪಾಲಕರ (ಗಾರ್ಡಿಯನ್) ನೇಮಕಕ್ಕೆ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಸಲ್ಲಿಸಬಹುದು. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವ ಸೀಮಿತ ಪಾಲಕತ್ವವೆಂದರೆ ಅವನೊಂದಿಗೆ ಕೂಡಿ ನಿರ್ಧರಿಸುವುದೇ ಹೊರತು ಅವನ ಬದಲಿಗೆ ನಿರ್ಧರಿಸುವುದಲ್ಲ. ಹೌಸಿಂಗ್ ಸೊಸೈಟಿಯಲ್ಲಿ ಫ್ಲ್ಯಾಟಿಗೆ ನಾಮಿನಿಯ ಹೆಸರು ಬರೆಸಿದ್ದೇವೆ, ಸಾಕು ಎಂದು ತಂದೆ ನೆಮ್ಮದಿಯಿಂದಿದ್ದರು. ಅಷ್ಟರಿಂದ ಫ್ಲ್ಯಾಟಿನ ಹಕ್ಕು ಇತ್ಯರ್ಥವಾಗುವುದಿಲ್ಲವೆಂದು ತಿಳಿಸಿ, ವಕೀಲರ ಸಲಹೆ ಪಡೆದು ಉಯಿಲು ಬರೆಸಲು, ಮಗನ ಹಿತಕ್ಕಾಗಿ ಖಾಸಗಿ ಟ್ರಸ್ಟ್ ಮಾಡಲು, ಅದರ ಲೆಕ್ಕವನ್ನು ಒಬ್ಬರ ಕೈಯಲ್ಲೇ ಬಿಡದಿರಲು ಸೂಚಿಸಿದೆ.

ಮೊದಲ ಚಹಾಕ್ಕೆ ನಾಲ್ವರು ಬಂದಿದ್ದರಂತೆ. ಇಷ್ಟು ವರ್ಷ ಈ ಮಾತಿಗಾಗಿ ಒಬ್ಬಳೇ ಹೆದರಿ ಕುಳಿತಿದ್ದೆನೆಂದು ಮಗಳು ಅಂದೇ ಅಪ್ಪನಿಗೆ ಹೇಳಿದಳು. ಉಯಿಲು ಇನ್ನೂ ಆಗಿಲ್ಲ. ಮುಂದಿನ ಭೇಟಿಗೆ ಅದರ ಕರಡು ತರಲು ಹೇಳಿದ್ದೇನೆ.