ಫ್ಲಾರೆನ್ಸ್‌ನಲ್ಲಿ ಎಲ್ಲಿ ಉಣ್ಣಬೇಕು?

ಪ್ರಶ್ನೆ: ಮೇ ತಿಂಗಳಲ್ಲಿ ಇಟಲಿಯ ಫ್ಲಾರೆನ್ಸ್‌ಗೆ ಹೊರಟಿದ್ದೇವೆ. ಊರಿನವರೇ ಉಣ್ಣುವ ಜಾಗ ಹುಡುಕುವುದು ಹೇಗೆ? ನಾನು ಸಸ್ಯಾಹಾರಿ, ಯಜಮಾನರು ಎಲ್ಲ ತಿನ್ನುತ್ತಾರೆ.
– ಓದುಗರೊಬ್ಬರು, ಮೈಸೂರು

ಉತ್ತರ: ದೊಡ್ಡ ಗುಮ್ಮಟದ ಡುವೊಮೊ ಚರ್ಚಿನ ಎದುರಿಗೆ ಮಾತ್ರ ಕೂರಬೇಡಿ. ಮೊದಲ ದಿನ ನಾನು ಅಲ್ಲೇ ಕೂತೆ. ಫೋಟೊ ಅಂಟಿಸಿದ ಮೆನು, ಬಾಗಿಲಲ್ಲಿ ನಿಂತು ಕರೆಯುವವನು, ಆರಿದ ಪಾಸ್ತಾ!

ಅಲ್ಲಿಂದ ಪೂರ್ವಕ್ಕೆ ಹದಿನೈದು ನಿಮಿಷ ನಡೆದರೆ ಸಾಂತ್ ಅಂಬ್ರೋಜೊ ಮಾರುಕಟ್ಟೆ. ಭಾನುವಾರ ಬಿಟ್ಟು ಯಾವತ್ತಾದರೂ ಮಧ್ಯಾಹ್ನ ಹನ್ನೆರಡೂವರೆಗೆ ಹೋಗಿ. ಸೊಪ್ಪು ಕೊಳ್ಳಲು ಬಂದ ಅಜ್ಜಿಯರು ಊಟಕ್ಕೆ ಸಾಲು ನಿಂತ ಕಡೆ ನೀವೂ ನಿಲ್ಲಿ. ನಿಮಗೆ ರಿಬೊಲ್ಲಿತಾ: ಹಳೇ ಬ್ರೆಡ್ಡು, ಬಿಳಿ ಬೀನ್ಸ್ ಕಾಳು, ಕಡುಹಸಿರು ಸೊಪ್ಪು ಹಾಕಿ ಮಾಡಿದ ಗಟ್ಟಿ ಸೂಪು. ಹೆಸರಿನ ಅರ್ಥವೇ 'ಮತ್ತೆ ಕುದಿಸಿದ್ದು'. ನಮ್ಮ ಹುಳಿಯೂ ಮಾರನೇ ದಿನವೇ ರುಚಿ ಜಾಸ್ತಿ, ಅಲ್ವಾ? ಮಾಂಸದ ರಸ ಹಾಕಿದ್ದಾರಾ ಎಂದು ಮಾತ್ರ ಕೇಳಿಕೊಳ್ಳಿ.

ಯಜಮಾನರಿಗೆ ಬೀದಿ ಗಾಡಿಯ ಲಾಂಪ್ರೆದೊತ್ತೊ ಬನ್ನು. ಅದು ದನದ ನಾಲ್ಕನೇ ಜಠರ, ಮೊದಲೇ ಹೇಳಿಬಿಡಿ.

ಬ್ರೆಡ್ಡು ಸಪ್ಪೆ ಎಂದು ಗೊಣಗಬೇಡಿ. ಅಲ್ಲಿ ಅದಕ್ಕೆ ಉಪ್ಪೇ ಹಾಕುವುದಿಲ್ಲ. ಬಿಲ್ಲಿನಲ್ಲಿ 'ಕೊಪೆರ್ತೊ' ಕಂಡರೆ ಅದು ಕೂತಿದ್ದಕ್ಕೆ ತಲೆಗಿಷ್ಟು ಎಂದು ಹಾಕುವ ದುಡ್ಡು. ಸುಮ್ನೆ ಕೊಟ್ಟುಬಿಡಿ.