ಸಿನಿಮಾ ಹಾಲ್ ಒಳಗೆ ಹೋದಾಗ ಕಣ್ಣು ಹೊಂದಿಕೊಳ್ಳೋಕೆ ಅಷ್ಟು ಹೊತ್ತು, ಹೊರಗೆ ಬಂದಾಗ ಬೇಗ. ಯಾಕೆ?

ಮ್ಯಾಟಿನಿ ಶೋಗೆ ಬಿಸಿಲಿಂದ ಒಳಗೆ ಕಾಲಿಟ್ಟರೆ ಸೀಟು ಎಲ್ಲಿದೆ ಅಂತ ತಡಕಾಡಬೇಕು, ಆಟ ಬಿಟ್ಟು ಹೊರಗೆ ಬಂದರೆ ಮಾತ್ರ ಕಣ್ಣು ಒಂದು ಸಲ ಕುಕ್ಕಿ ಸರಿಹೋಗುತ್ತೆ, ಈ ತಾರತಮ್ಯ ಯಾಕೆ ಅಂತ ಕೇಳಿದ್ದೀರಿ. ಅಮ್ಮನಿಗೆ ನಿಮಗಿಂತ ಹೆಚ್ಚು ಹೊತ್ತು ಹಿಡಿಯುತ್ತೆ, ಅದೇನಾದರೂ ಕಾಯಿಲೆಯಾ ಅನ್ನೋದು ನಿಮ್ಮ ಎರಡನೇ ಪ್ರಶ್ನೆ. ನಾನು ಡಾಕ್ಟರ್ ಅಲ್ಲ, ನಕ್ಷತ್ರ ನೋಡೋ ಹುಚ್ಚು ಹತ್ತಿಸಿಕೊಂಡವನು. ಕತ್ತಲಲ್ಲಿ ಕಣ್ಣು ಹೇಗೆ ಕೆಲಸ ಮಾಡುತ್ತೆ ಅಂತ ತಿಳ್ಕೊಳ್ಳದೆ ಆ ಹುಚ್ಚು ಮುಂದಕ್ಕೆ ಹೋಗಲ್ಲ. ಹಾಗಾಗಿ ಗೊತ್ತಿರೋದನ್ನ ಹೇಳ್ತೀನಿ.

ಸಾಮಾನ್ಯವಾಗಿ ಸಿಗೋ ಉತ್ತರ ‘ಕತ್ತಲಲ್ಲಿ ಪಾಪೆ ದೊಡ್ಡದಾಗುತ್ತೆ, ಅದಕ್ಕೆ ಟೈಮ್ ಬೇಕು’ ಅನ್ನೋದು. ಪಾಪೆ ದೊಡ್ಡದಾಗೋದು ನಿಜವೇ. ಬಿಸಿಲಲ್ಲಿ 2 ಮಿಲಿಮೀಟರ್ ಅಗಲ ಇದ್ದದ್ದು ಕಗ್ಗತ್ತಲಲ್ಲಿ 8ರವರೆಗೂ ಹಿಗ್ಗಬಹುದು, ಅದೂ ಚಿಕ್ಕ ವಯಸ್ಸಿನವರಿಗೆ. ಲೆಕ್ಕ ಹಾಕಿದರೆ ಒಳಗೆ ಬರೋ ಬೆಳಕು 16 ಪಟ್ಟು ಹೆಚ್ಚಾಯ್ತು, ಅಷ್ಟೇ. ಆದರೆ ನಡುಮಧ್ಯಾಹ್ನದ ಬಿಸಿಲು ಸುಮಾರು 1 ಲಕ್ಷ ಲಕ್ಸ್ (ಲಕ್ಸ್ ಅಂದರೆ ಬೆಳಕು ಅಳೆಯೋ ಮಾನ). ಹುಣ್ಣಿಮೆ ಬೆಳದಿಂಗಳು ಒಂದು ಲಕ್ಸ್ ಕೂಡ ಇರಲ್ಲ. ಎರಡರಲ್ಲೂ ನಾವು ದಾರಿ ನೋಡಿಕೊಂಡೇ ನಡೀತೀವಿ. ಲಕ್ಷಗಟ್ಟಲೆ ಪಟ್ಟಿನ ಈ ಅಂತರದ ಮುಂದೆ 16 ಯಾವ ಮೂಲೆಗೆ? ಅದೂ ಅಲ್ಲದೆ ಪಾಪೆ ಹಿಗ್ಗೋಕೆ ನಿಮಿಷಗಟ್ಟಲೆ ಬೇಕಾಗಿಲ್ಲ, ಹೆಚ್ಚಿನ ಕೆಲಸ ಸೆಕೆಂಡುಗಳಲ್ಲೇ ಆಗಿಹೋಗುತ್ತೆ.

ನಂಬಿಕೆ ಬರದಿದ್ದರೆ ಇವತ್ತು ರಾತ್ರಿ ಹೀಗೆ ಮಾಡಿ ನೋಡಿ. ಮಲಗೋ ಕೋಣೆಯ ದೀಪ ಆರಿಸಿ ಕಾಲು ಗಂಟೆ ಸುಮ್ಮನೆ ಕೂತಿರಿ. ಆಮೇಲೆ ಒಂದು ಕಣ್ಣನ್ನ ಅಂಗೈಯಿಂದ ಬೆಳಕು ನುಸುಳದ ಹಾಗೆ ಮುಚ್ಚಿ, ಟ್ಯೂಬ್‌ಲೈಟ್ ಹಾಕಿ, ಇನ್ನೊಂದು ಕಣ್ಣಲ್ಲಿ ಬಿಳಿ ಗೋಡೆಯನ್ನ ಒಂದು ನಿಮಿಷ ನೋಡಿ. ದೀಪ ಆರಿಸಿ ಕೈ ತೆಗೀರಿ. ಈಗ ಒಂದೊಂದೇ ಕಣ್ಣು ಮುಚ್ಚಿ ತೆಗೆದು ನೋಡಿದರೆ, ಮುಚ್ಚಿಟ್ಟಿದ್ದ ಕಣ್ಣಿಗೆ ಮಂಚದ ಅಂಚು, ಬೀರು, ಬಾಗಿಲ ಹಿಂದೆ ನೇತುಹಾಕಿದ ಶರ್ಟು ಎಲ್ಲ ಕಾಣುತ್ತೆ. ಇನ್ನೊಂದಕ್ಕೆ ಬರೀ ಕಪ್ಪು. ಎರಡೂ ಕಣ್ಣಿನ ಪಾಪೆ ಒಟ್ಟಿಗೇ ಹಿಗ್ಗಿ ಕುಗ್ಗುತ್ತವೆ. ಒಂದಕ್ಕೆ ಟಾರ್ಚ್ ಬಿಟ್ಟರೆ ಇನ್ನೊಂದೂ ಕಿರಿದಾಗುತ್ತೆ. ಹಾಗಿದ್ದರೂ ಒಂದಕ್ಕೆ ಕಂಡು ಇನ್ನೊಂದಕ್ಕೆ ಕಾಣದಿದ್ದರೆ, ವಿಷಯ ಪಾಪೆಯದ್ದಲ್ಲ, ಕಣ್ಣಿನ ಒಳಗೆ ಹಿಂಬದಿಯಲ್ಲಿ ಬೆಳಕು ಹಿಡಿಯೋ ಪದರದ್ದು, ಅಂದರೆ ರೆಟಿನಾದ್ದು.

ರೆಟಿನಾದಲ್ಲಿ ನೋಟಕ್ಕೆ ಬೇಕಾದ ಬೆಳಕು ಹಿಡಿಯೋ ಕೋಶಗಳು ಎರಡು ಜಾತಿ. ಹಗಲಿಗೆ, ಬಣ್ಣಕ್ಕೆ, ಓದೋಕೆ ಕೋನ್‌ಗಳು, ಸುಮಾರು 60 ಲಕ್ಷ. ರಾತ್ರಿಗೆ ರಾಡ್‌ಗಳು, ಅವು ಹತ್ತು ಕೋಟಿಯ ಆಸುಪಾಸು. ರಾಡ್ ಒಳಗೆ ರೊಡಾಪ್ಸಿನ್ ಅನ್ನೋ ನೇರಳೆಗೆಂಪು ವಸ್ತು ಇದೆ. ಅದು ಒಂದು ಪ್ರೋಟೀನು, ಅದರೊಳಗೆ ಸಿಕ್ಕಿಸಿಟ್ಟ ಹಾಗೆ ವಿಟಮಿನ್ ಎ ಇಂದಾದ ಒಂದು ಪುಟ್ಟ ಬಾಗಿದ ಅಣು. ಬೆಳಕಿನ ಒಂದು ಕಣ ತಾಗಿದರೆ ಸಾಕು, ಆ ಅಣು ನೆಟ್ಟಗಾಗುತ್ತೆ. ಪ್ರೋಟೀನಿನ ಆಕಾರ ಬದಲಾಗಿ, ಸುದ್ದಿ ಹೊರಡುತ್ತೆ. ಇಲ್ಲೊಂದು ವಿಚಿತ್ರ ಇದೆ: ರಾಡ್ ಕತ್ತಲಲ್ಲಿ ಒಂದೇ ಸಮ ರಾಸಾಯನಿಕ ಸುರಿಸ್ತಾ ಇರುತ್ತೆ, ಬೆಳಕು ಬಿದ್ದರೆ ಸುರಿಸೋದು ಕಡಿಮೆ ಮಾಡುತ್ತೆ. ಆ ಇಳಿತವನ್ನೇ ಮುಂದಿನ ನರಕೋಶಗಳು ‘ಬೆಳಕು’ ಅಂತ ಓದಿಕೊಳ್ಳುತ್ತವೆ.

ನೆಟ್ಟಗಾದ ಅಣು ಅಲ್ಲೇ ಮತ್ತೆ ಬಾಗಲ್ಲ. ಪ್ರೋಟೀನಿನಿಂದ ಕಳಚಿಕೊಂಡು, ರೆಟಿನಾದ ಹಿಂದಿರೋ ಇನ್ನೊಂದು ಪದರದ ಕೋಶಗಳಿಗೆ ಹೋಗಿ, ಅಲ್ಲಿ ಬಾಗಿಸಿಕೊಂಡು ವಾಪಸ್ ಬರಬೇಕು. ನಿಮ್ಮ ಪ್ರಶ್ನೆಯ ಗುಟ್ಟೆಲ್ಲ ಈ ಹೋಗಿಬರೋದರಲ್ಲೇ ಇದೆ. ಬಿಸಿಲಲ್ಲಿ ಅಡ್ಡಾಡಿದವರ ರಾಡ್‌ಗಳಲ್ಲಿ ರೊಡಾಪ್ಸಿನ್ ಬಹಳಷ್ಟು ಮುರಿದಿರುತ್ತೆ. ಅದು ಪೂರ್ತಿ ತುಂಬಿಕೊಳ್ಳೋಕೆ 30–40 ನಿಮಿಷ ಬೇಕು. ಹಾಲ್ ಒಳಗೆ ಮೊದಲ ಕೆಲವು ನಿಮಿಷ ನಿಮಗೆ ಸೀಟು, ತಲೆಗಳು ಮಸುಕಾಗಿ ಕಾಣತೊಡಗೋದು ಕೋನ್‌ಗಳ ದಯೆಯಿಂದ. ಅವು ಬೇಗ ಚೇತರಿಸಿಕೊಳ್ಳುತ್ತವೆ, ಜೊತೆಗೆ ಪರದೆಯ ಬೆಳಕೂ ಇದೆ. ನಿಜವಾದ ಕತ್ತಲಾದರೆ ಹತ್ತು ನಿಮಿಷದ ಹೊತ್ತಿಗೆ ರಾಡ್‌ಗಳು ಕೋನ್‌ಗಳನ್ನ ಹಿಂದೆ ಹಾಕುತ್ತವೆ. ಹೊರಗೆ ಬರುವಾಗ ಯಾವುದನ್ನೂ ಹೊಸದಾಗಿ ತುಂಬಿಸಿಕೊಳ್ಳೋ ಕೆಲಸವಿಲ್ಲ. ಕೋನ್‌ಗಳು ತಮ್ಮ ಸೂಕ್ಷ್ಮತೆ ತಗ್ಗಿಸಿಕೊಂಡರೆ ಆಯ್ತು, ಅದಕ್ಕೆ ಹೆಚ್ಚು ಹೊತ್ತು ಬೇಡ.

ರೊಡಾಪ್ಸಿನ್‌ನ ಈ ನೇರಳೆಗೆಂಪು ಬಣ್ಣ ಬೆಳಕು ಬಿದ್ದರೆ ಮಾಸಿಹೋಗೋದನ್ನ 1876ರಲ್ಲಿ ಗುರುತಿಸಿದವನು ಫ್ರಾನ್ಸ್ ಬೋಲ್ ಅನ್ನೋ ಜರ್ಮನ್ ವಿಜ್ಞಾನಿ. ಅದರ ಬೆನ್ನಿಗೇ ಹೈಡಲ್‌ಬರ್ಗ್‌ನಲ್ಲಿ ವಿಲ್ಹೆಲ್ಮ್ ಕ್ಯೂನೆ ಒಂದು ಮೊಲವನ್ನ ಕತ್ತಲಲ್ಲಿಟ್ಟು, ಕೆಲವು ನಿಮಿಷ ಸರಳಿನ ಕಿಟಕಿಯ ಕಡೆ ಮುಖ ಮಾಡಿಸಿ, ಕೊಂದು, ರೆಟಿನಾ ತೆಗೆದು ಪಟಿಕದ ದ್ರಾವಣದಲ್ಲಿಟ್ಟ. ಕಿಟಕಿಯ ಚಿತ್ರ ಸರಳುಗಳ ಸಮೇತ ಅದರ ಮೇಲೆ ಮೂಡಿತ್ತು. ಸತ್ತ ಹಾವಿನ ಕಣ್ಣಲ್ಲಿ ಕೊಂದವನ ಮುಖ ಅಚ್ಚಾಗಿರುತ್ತೆ, ಜೋಡಿ ಹಾವು ಅದನ್ನ ನೋಡಿ ಸೇಡು ತೀರಿಸಿಕೊಳ್ಳುತ್ತೆ ಅಂತ ನಮ್ಮಲ್ಲಿ ಕಥೆ ಇದೆಯಲ್ಲ, ಅದಕ್ಕೆ ಇದೇ ಆಧಾರ ಅಂತ ಹೊರಡಬೇಡಿ. ಕಣ್ಣು ಅಲುಗಾಡದೆ ಒಂದೇ ಕಡೆ ನೆಟ್ಟಿರಬೇಕು, ತಕ್ಷಣ ತೆಗೆದು ರಾಸಾಯನಿಕದಲ್ಲಿ ಇಡಬೇಕು. ಅಷ್ಟೆಲ್ಲ ಮಾಡಿಕೊಡೋರು ಹಾವಿಗೆ ಯಾರೂ ಇರಲ್ಲ. ರೊಡಾಪ್ಸಿನ್‌ಗೂ ವಿಟಮಿನ್ ಎಗೂ ಇರೋ ನಂಟನ್ನ ಬಿಡಿಸಿದ ಜಾರ್ಜ್ ವಾಲ್ಡ್‌ಗೆ 1967ರಲ್ಲಿ ನೊಬೆಲ್‌ನಲ್ಲಿ ಪಾಲು ಬಂತು.

ತಯಾರಾದ ಮೇಲೆ ರಾಡ್‌ಗಳ ಸಾಮರ್ಥ್ಯ ನೋಡಿದರೆ ನನಗೆ ಈಗಲೂ ಬೆರಗು. 1942ರಲ್ಲಿ ಹೆಕ್ಟ್, ಶ್ಲೇರ್, ಪಿರೆನ್ ಅನ್ನೋ ಮೂವರು ಅಳೆದ ಪ್ರಕಾರ, ರಾಡ್‌ಗಳು ಬೆಳಕಿನ 5ರಿಂದ 14 ಕಣ ಹೀರಿದರೂ ಮನುಷ್ಯ ‘ಏನೋ ಮಿನುಗಿತು’ ಅಂತಾನೆ. ಆದರೆ ಇದಕ್ಕೊಂದು ಬೆಲೆ ಇದೆ. ರೆಟಿನಾದಿಂದ ಮಿದುಳಿಗೆ ಹೋಗೋ ನರದಲ್ಲಿ ಎಳೆಗಳು ಹತ್ತು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ, ರಾಡ್‌ಗಳೋ ಕೋಟಿಗಟ್ಟಲೆ. ಹಾಗಾಗಿ ಎಷ್ಟೋ ರಾಡ್‌ಗಳ ಸುದ್ದಿ ಒಂದೇ ಎಳೆಗೆ ಸೇರುತ್ತೆ. ಹತ್ತಾರು ಮನೆಯ ಸೂರಿನ ನೀರನ್ನ ಒಂದೇ ಹಂಡೆಗೆ ಬಿಟ್ಟ ಹಾಗೆ. ಹಂಡೆ ತುಂಬುತ್ತೆ, ಯಾವ ಹನಿ ಯಾವ ಸೂರಿನದು ಅಂತ ಗೊತ್ತಾಗಲ್ಲ. ಬೆಳದಿಂಗಳಲ್ಲಿ ಪೇಪರ್ ಕಂಡರೂ ಅಕ್ಷರ ಓದೋಕಾಗದೇ ಇರೋದಕ್ಕೆ ಇದು ದೊಡ್ಡ ಕಾರಣ. ರಾಡ್‌ಗಳು ಒಂದೇ ಜಾತಿ ಆದ್ದರಿಂದ ಬಣ್ಣವೂ ಇಲ್ಲ. ಮುಸ್ಸಂಜೆಯಲ್ಲಿ ಕೆಂಪು ದಾಸವಾಳ ಕಪ್ಪಾಗಿ, ಅದರ ಎಲೆಗಳೇ ಹೂವಿಗಿಂತ ತಿಳಿಯಾಗಿ ಕಾಣೋ ಒಂದು ಹೊತ್ತು ಬರುತ್ತೆ, ಗಮನಿಸಿ. ಕೆಂಪು ಬೆಳಕು ರಾಡ್‌ಗಳಿಗೆ ಹೆಚ್ಚು ಕಡಿಮೆ ಕಾಣಲ್ಲ. ಅದಕ್ಕೇ ನಾವು ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿಕೊಂಡಿರ್ತೀವಿ, ಯಾರಾದರೂ ಮೊಬೈಲ್ ತೆಗೆದರೆ ಸಿಡಿಮಿಡಿ ಆಗ್ತೀವಿ. ಅರ್ಧ ಗಂಟೆ ಕೂಡಿಟ್ಟದ್ದು ಹೋಯ್ತಲ್ಲ!

ಇನ್ನೂ ಒಂದು ಮಜಾ. ನೋಟದ ನಟ್ಟನಡುವೆ ರಾಡ್‌ಗಳೇ ಇಲ್ಲ, ಪೂರ್ತಿ ಕೋನ್‌ಗಳದ್ದೇ ಕಾರುಬಾರು. ದೇವಯಾನಿ ಗ್ಯಾಲಕ್ಸಿಯನ್ನ ಮಕ್ಕಳಿಗೆ ತೋರಿಸುವಾಗ ‘ಅದನ್ನ ನೋಡಬೇಡಿ, ಅದರ ಪಕ್ಕ ನೋಡಿ’ ಅಂದರೆ ನನ್ನನ್ನ ವಿಚಿತ್ರವಾಗಿ ನೋಡ್ತಾರೆ. ಪಕ್ಕ ನೋಡಿದರೆ ಹೊಗೆಯ ತುಣುಕಿನಂಥದ್ದು ಕಾಣುತ್ತೆ, ‘ಹಾಂ, ಸಿಕ್ತು’ ಅಂತ ನೇರ ನೋಡಿದರೆ ಮಾಯ. 25 ಲಕ್ಷ ವರ್ಷ ನಡೆದು ಬಂದ ಬೆಳಕು ಅದು.

ಈಗ ನಿಮ್ಮ ಅಮ್ಮನ ವಿಷಯ. ವಯಸ್ಸಾದಂತೆ ಈ ಹೊಂದಾಣಿಕೆ ನಿಧಾನವಾಗೋದು ಸಹಜ: ಆ ಅಣು ಹೋಗಿಬರೋದು ತಡವಾಗುತ್ತೆ, ಪಾಪೆ ಮೊದಲಿನಷ್ಟು ಹಿಗ್ಗಲ್ಲ, ಮಸೂರವೂ ಹಳದಿಯಾಗಿರುತ್ತೆ. ನಿಮಗಿಂತ ಕೆಲವು ನಿಮಿಷ ಹೆಚ್ಚು ಬೇಕಾದರೆ ಗಾಬರಿ ಬೇಡ. ಆದರೆ ಇತ್ತೀಚೆಗೆ ಜಾಸ್ತಿಯಾಗಿದ್ದರೆ, ಮನೆಯ ಮೆಟ್ಟಿಲನ್ನೇ ಸಂಜೆ ಹೊತ್ತು ತಡಕಾಡ್ತಿದ್ದರೆ, ಎದುರು ಬರೋ ಗಾಡಿಯ ಲೈಟಿನ ಸುತ್ತ ಬಳೆ ಕಾಣುತ್ತೆ ಅಂದರೆ, ತಡ ಮಾಡದೆ ಕಣ್ಣಿನ ಡಾಕ್ಟರ್‌ಗೆ ತೋರಿಸಿ. ಕಣ್ಣಿನ ಪೊರೆಯೂ ಇರಬಹುದು, ಬೇರೆ ಏನಾದರೂ ಇರಬಹುದು. ಕ್ಯಾರೆಟ್, ನುಗ್ಗೆಸೊಪ್ಪು ಜಾಸ್ತಿ ಕೊಟ್ಟರೆ ಸರಿಹೋಗುತ್ತೆ ಅಂತ ಯಾರಾದರೂ ಹೇಳಿಯಾರು. ವಿಟಮಿನ್ ಎ ಕೊರತೆಯಿಂದ ಇರುಳುಗುರುಡು ಬರೋದು ನಿಜ, ಅದಕ್ಕೇ ಸಣ್ಣ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಸರ್ಕಾರದಿಂದ ಆ ದ್ರಾವಣ ಕುಡಿಸ್ತಾರೆ. ಆದರೆ ಕೊರತೆ ಇಲ್ಲದವರು ಎಷ್ಟು ತಿಂದರೂ ರಾತ್ರಿಯ ನೋಟ ಹೆಚ್ಚಾಗಲ್ಲ.

ಮುಂದಿನ ಸಲ ಸಿನಿಮಾಕ್ಕೆ ಹೋದಾಗ ಬಿಸಿಲಿಂದ ನೇರ ಒಳಗೆ ನುಗ್ಗದೆ ಲಾಬಿಯಲ್ಲಿ ಹತ್ತು ನಿಮಿಷ ಕೂತು, ಒಂದು ಕಣ್ಣು ಮುಚ್ಚಿಕೊಂಡಿರೋಕೆ ಅಮ್ಮನಿಗೆ ಹೇಳಿ. ಒಳಗೆ ಕಾಲಿಟ್ಟ ಮೇಲೆ ಆ ಕಣ್ಣು ತೆರೀಲಿ. ಜಾಹೀರಾತು ಮುಗಿಯೋದರೊಳಗೆ ಸೀಟು ಸಿಗುತ್ತೆ.