ಬೊಲೆರೊ ಪಿಕಪ್ ಕ್ಲಚ್ ಬಿಟ್ಟಾಗ ಕೆಳಗಿಂದ ಟಕ್ ಅನ್ನುತ್ತೆ, 50-60ರಲ್ಲಿ ವೈಬ್ರೇಶನ್ ಬೇರೆ, ಮೆಕ್ಯಾನಿಕ್ ಕ್ರೌನ್ ಹೋಗಿದೆ ಅಂತಾರೆ, ನಿಜಾನಾ?

ಸರ್, ಹಿಂದಿನ ಆಕ್ಸಲಿನ ಹೌಸಿಂಗ್ (ಕ್ರೌನ್ ಅನ್ನೋ ದೊಡ್ಡ ಗೇರ್ ಇರೋದು ಅದರೊಳಗೆ) ಬಿಚ್ಚಿಸೋಕೆ ಮುಂಚೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ನೋಡಿಸಿ. ಗೇರ್ ಬಾಕ್ಸಿಂದ ಹಿಂದಿನ ಆಕ್ಸಲಿಗೆ ಬಲ ಒಯ್ಯೋ ಉದ್ದ ಕೊಳವೆ ಆ ಶಾಫ್ಟು, ಅದು ಕೋನದಲ್ಲೂ ತಿರುಗೋಕೆ ಜಾಯಿಂಟಲ್ಲಿರೋ ಪ್ಲಸ್ ಆಕಾರದ ನಾಲ್ಕು ಕಾಲಿನ ಪಾರ್ಟೇ ಕ್ರಾಸ್. ನಮ್ಮ ಗ್ಯಾರೇಜಿಗೆ ಬರೋದು ಜಾಸ್ತಿ ಕಾಫಿ ತೋಟದ ಪಿಕಪ್‌ಗಳೇ, ನೀವು ಹೇಳಿರೋ ಎರಡೂ ಕಂಪ್ಲೇಂಟ್ ಒಟ್ಟಿಗೆ ಬಂದ್ರೆ ನಾನು ಮೊದ್ಲು ಕೈ ಹಾಕೋದು ಕ್ರಾಸಿಗೇ. ಕ್ರೌನ್ ಪಿನಿಯನ್ (ಕ್ರೌನ್ ಮತ್ತೆ ಅದನ್ನ ತಿರುಗಿಸೋ ಚಿಕ್ಕ ಗೇರ್) ಹೋದ್ರೆ ಸಾಮಾನ್ಯವಾಗಿ ಗುಂಯ್ ಅಂತ ಎಳೆಯೋ ಸೌಂಡ್ ಇರುತ್ತೆ, ಆಕ್ಸಿಲರೇಟರ್ ಕೊಟ್ಟಾಗ ಒಂದು ಥರ, ಬಿಟ್ಟಾಗ ಇನ್ನೊಂದು ಥರ. ನೀವು ಅದನ್ನ ಬರೆದೇ ಇಲ್ಲ.

ನೀವೇ ನೋಡ್ಕೋಬಹುದು, ಕಷ್ಟ ಏನಿಲ್ಲ. ಗಾಡಿ ಸಮತಟ್ಟು ಜಾಗದಲ್ಲಿ ನಿಲ್ಸಿ, ಇಂಜಿನ್ ಆಫ್ ಮಾಡಿ ಕೀ ಜೇಬಲ್ಲಿಟ್ಕೊಳಿ, ನಾಲ್ಕೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟು ಗೇರ್ ನ್ಯೂಟ್ರಲ್ ಮಾಡಿ. ಕೆಳಗೆ ಹೋಗಿ ಒಂದು ಕೈಯಲ್ಲಿ ಕ್ರಾಸಿನ ಈ ಕಡೆಯ ಯೋಕ್ (ಕ್ರಾಸನ್ನ ಹಿಡ್ಕೊಂಡಿರೋ ಎರಡು ಕಿವಿಯ ಕವಲು), ಇನ್ನೊಂದು ಕೈಯಲ್ಲಿ ಆ ಕಡೆಯದ್ದು ಹಿಡಿದು ಬಟ್ಟೆ ಹಿಂಡಿದ ಹಾಗೆ ಎದುರು ಬದುರು ತಿರುಚಿ, ಆಮೇಲೆ ಮೇಲೆ ಕೆಳಗೆ ಅಲ್ಲಾಡ್ಸಿ. ಎರಡು ಯೋಕಿನ ಮಧ್ಯೆ ಕಣ್ಣಿಗೆ ಕಾಣೋ ಅಷ್ಟು ಆಟ ಇದ್ರೆ ಕ್ರಾಸ್ ಮುಗೀತು, ಒಂದು ಚೂರು ಆಟವೂ ಇರಬಾರ್ದು. ಅದೇ ಎರಡೂ ಯೋಕ್ ಜೊತೆಗೇ ಸ್ವಲ್ಪ ತಿರುಗಿ ಹೌಸಿಂಗ್ ಒಳಗೆ ಕಟ್ ಅಂದ್ರೆ ಅದು ಕ್ರೌನ್ ಪಿನಿಯನ್ ಕಡೆಯ ಪ್ಲೇ, ಅಲ್ಲಿ ಸ್ವಲ್ಪ ಪ್ಲೇ ಹೊಸ ಗಾಡಿಲೂ ಇರುತ್ತೆ. ಈ ವ್ಯತ್ಯಾಸ ನೋಡ್ದೇ ಕ್ರೌನಿಗೆ ದುಡ್ಡು ಸುರಿದವರನ್ನ ನೋಡಿ ನನಗೆ ನಿಜವಾಗ್ಲೂ ಬೇಜಾರಾಗಿದೆ.

ಹಾಗೇ ಕಪ್ಪಿನ (ಕ್ರಾಸಿನ ಪ್ರತಿ ಕಾಲಿನ ತುದಿಗೂ ಇರೋ, ಒಳಗೆ ಸೂಜಿಯಂಥ ಸಣ್ಣ ರೋಲರ್ ಇರೋ ಮುಚ್ಚಳ) ಸುತ್ತ ಟಾರ್ಚ್ ಬಿಟ್ಟು ನೋಡಿ. ಸೀಲ್ ಹತ್ರ ಕೆಂಪು ತುಕ್ಕಿನ ಪುಡಿ ಇದ್ರೆ ಒಳಗೆ ಗ್ರೀಸ್ ಒಣಗಿ ಸೂಜಿ ಬೇರಿಂಗ್ ಪುಡಿಯಾಗ್ತಿದೆ ಅಂತ ಅರ್ಥ. ಟಕ್ ಅನ್ನೋಕೆ ಮುಂಚೆ ನಿಧಾನಕ್ಕೆ ಹೋಗುವಾಗ ಕಿಚ್ ಕಿಚ್ ಅಂತ ಸೌಂಡ್ ಬರ್ತಿತ್ತಾ ನೆನಪು ಮಾಡ್ಕೊಳಿ, ಒಣಗಿದ ಕ್ರಾಸಿನ ಮೊದಲ ಸೂಚನೆ ಅದೇ. ಶಾಫ್ಟ್ ಎರಡು ತುಂಡಿನದಾದ್ರೆ ಮಧ್ಯದ ಸೆಂಟರ್ ಬೇರಿಂಗಿನ ರಬ್ಬರ್ ಹರಿದಿದ್ಯಾ, ಫ್ಲ್ಯಾಂಜ್ (ಶಾಫ್ಟನ್ನ ಬೋಲ್ಟ್ ಹಾಕಿ ಕೂಡಿಸೋ ತಟ್ಟೆ) ಬೋಲ್ಟ್ ಲೂಸ್ ಆಗಿದ್ಯಾ ನೋಡಿ, ನಡುಕ ಅದ್ರಿಂದ್ಲೂ ಬರುತ್ತೆ.

ಈಗ ಬದಲಾಯಿಸೋದು. ಬೋಲ್ಟ್ ಬಿಚ್ಚೋಕೆ ಮುಂಚೆ ಫ್ಲ್ಯಾಂಜಿಗೂ ಯೋಕಿಗೂ ಸೇರಿಸಿ ಪೇಂಟಲ್ಲೋ ಪಂಚಲ್ಲೋ ಗುರುತು ಹಾಕಿ, ಸ್ಪ್ಲೈನ್ ಜಾಯಿಂಟ್ (ಶಾಫ್ಟಿನ ಹಲ್ಲು ಹಲ್ಲಾದ ಜಾರೋ ಜೋಡಣೆ) ಹತ್ರಾನೂ ಹಾಕಿ. ಯಾಕಂದ್ರೆ ಕ್ರಾಸ್ ಕೋನದಲ್ಲಿ ತಿರುಗುವಾಗ ಶಾಫ್ಟಿನ ವೇಗ ಒಂದು ಸುತ್ತಿಗೆ ಎರಡು ಸಲ ಹೆಚ್ಚು ಕಡಿಮೆ ಆಗುತ್ತೆ, ಅದನ್ನ ಶಾಫ್ಟಿನ ಇನ್ನೊಂದು ತುದಿಯ ಕ್ರಾಸ್ ಸರಿ ಮಾಡುತ್ತೆ, ಆದ್ರೆ ಶಾಫ್ಟಿನ ಎರಡು ತುದಿಯ ಯೋಕೂ ಒಂದೇ ನೇರಕ್ಕಿದ್ರೆ ಮಾತ್ರ. ಸ್ಪ್ಲೈನ್ ತಪ್ಪಿಸಿ ಕೂರಿಸಿದ್ರೆ ಹೊಸ ಕ್ರಾಸ್ ಹಾಕಿದ್ಮೇಲೆ ನಡುಕ ಇನ್ನೂ ಜಾಸ್ತಿ ಆಗುತ್ತೆ. ಮತ್ತೊಂದು, ಶಾಫ್ಟ್ ಇಳಿಸಿದ್ಮೇಲೆ ಗೇರಲ್ಲಿಟ್ರೂ ಗಾಡಿ ನಿಲ್ಲಲ್ಲ, ಕಲ್ಲು ತೆಗೀಬೇಡಿ.

ಹಳೇ ಕ್ರಾಸನ್ನ ಸುತ್ತಿಗೆಲಿ ಬಡಿದು ತೆಗಿಯೋರೇ ಜಾಸ್ತಿ, ದಯವಿಟ್ಟು ಅದಕ್ಕೆ ಬಿಡ್ಬೇಡಿ. ಯೋಕಿನ ಕಿವಿ ಬಾಗಿದ್ರೆ ಹೊಸ ಕ್ರಾಸ್ ಎಷ್ಟು ಒಳ್ಳೇದು ತಂದ್ರೂ ಬೇಗ ಹೋಗುತ್ತೆ. ಸರ್ಕ್ಲಿಪ್ (ಕಪ್ ಹೊರಗೆ ಬಾರದ ಹಾಗೆ ಹಿಡಿಯೋ ಸ್ಪ್ರಿಂಗ್ ಬಳೆ) ತುಕ್ಕು ಹಿಡಿದಿದ್ರೆ ಡಬ್ಲ್ಯೂಡಿ-40 ಹೊಡೆದು ಸ್ವಲ್ಪ ಹೊತ್ತು ಬಿಟ್ಟು ಕಪ್ ಮೇಲೆ ಒಂದು ಚಿಕ್ಕ ಏಟು ಕೊಡಿ, ಕ್ಲಿಪ್ ಸಡಿಲ ಆಗುತ್ತೆ. ಆಮೇಲೆ ಬೆಂಚ್ ವೈಸಲ್ಲಿ ಒಂದು ಕಡೆ ಕಪ್ಪಿಗಿಂತ ಚಿಕ್ಕ ಸಾಕೆಟ್, ಇನ್ನೊಂದು ಕಡೆ ಕಪ್ ಒಳಗೆ ಹೋಗೋ ಅಷ್ಟು ದೊಡ್ಡ ಸಾಕೆಟ್ ಇಟ್ಟು ಟೈಟ್ ಮಾಡ್ತಾ ಹೋದ್ರೆ ಕಪ್ ಹೊರಗೆ ಬರುತ್ತೆ. ಹೊರಗೆ ಬಂದ ಕ್ರಾಸಿನ ಕಾಲು ಉಗುರಲ್ಲಿ ಕೆರೆದು ನೋಡಿ, ಸೂಜಿ ಕೂತಿದ್ದ ಕಡೆಯೆಲ್ಲ ಗೆರೆ ಗೆರೆ ಬಿದ್ದಿರುತ್ತೆ, ಆ ಟಕ್ ಸೌಂಡ್ ಬರ್ತಿದ್ದಿದ್ದು ಅಲ್ಲಿಂದಾನೇ.

ಅಂಗಡಿಗೆ ಹಳೇದನ್ನ ತಗೊಂಡೇ ಹೋಗಿ, ಬೆಂಗಳೂರಿನ ಜೆ.ಸಿ. ರೋಡಾಗ್ಲಿ ನಿಮ್ಮೂರಾಗ್ಲಿ, ಕಪ್ಪಿನ ವ್ಯಾಸ ಮತ್ತೆ ಕ್ರಾಸಿನ ಉದ್ದ ವರ್ನಿಯರಲ್ಲಿ ಅಳೆಸಿ, ಒಂದೇ ಮಾಡೆಲಿಗೂ ಸೈಜ್ ಬೇರೆ ಬೇರೆ ಇರುತ್ತೆ. ಹೊಸದು ಕೂರಿಸುವಾಗ ಯೋಕಿನ ತೂತು ಎಮರಿಯಲ್ಲಿ ಕ್ಲೀನ್ ಮಾಡಿ, ಕಪ್ಪಿನ ಒಳಗೆ ಗ್ರೀಸ್ ಮೆತ್ತಿ, ಇಲ್ಲಾಂದ್ರೆ ಸೂಜಿ ಜಾರಿ ಬೀಳುತ್ತೆ. ಒಂದೇ ಒಂದು ಸೂಜಿ ಕಪ್ಪಿನ ತಳದಲ್ಲಿ ಅಡ್ಡ ಬಿದ್ರೂ ಕಪ್ ಪೂರ್ತಿ ಒಳಗೆ ಹೋಗಲ್ಲ, ಸರ್ಕ್ಲಿಪ್ ಕೂರಲ್ಲ. ಆಗ ಬಲ ಹಾಕ್ಬೇಡಿ, ವಾಪಸ್ ತೆಗೆದು ನೋಡಿ. ನಿಪ್ಪಲ್ (ಗ್ರೀಸ್ ಹೊಡೆಯೋ ಮೊನೆ) ಗ್ರೀಸ್ ಗನ್ ಸಿಗೋ ಕಡೆಗೆ ಮುಖ ಮಾಡಿರ್ಲಿ. ಕ್ಲಿಪ್ ಹಾಕಿದ್ಮೇಲೆ ಜಾಯಿಂಟ್ ಬಿಗಿ ಅನಿಸಿದ್ರೆ ಯೋಕಿನ ಕಿವಿಗೆ ಹಿತ್ತಾಳೆ ಸುತ್ತಿಗೆಲಿ ಹಗುರವಾಗಿ ತಟ್ಟಿ, ಕೈಯಲ್ಲಿ ನಾಲ್ಕೂ ಕಡೆಗೆ ಸಲೀಸಾಗಿ ಆಡ್ಬೇಕು.

ಒಂದು ಕ್ರಾಸ್ ಹೋಗಿದ್ರೆ ಎಲ್ಲಾನೂ ಒಟ್ಟಿಗೇ ಬದಲಾಯ್ಸಿ, ಶಾಫ್ಟ್ ಹೇಗೂ ಇಳಿಸಿರ್ತೀರಿ. ಮುಂದಕ್ಕೆ ಹಾಕೋದಂತೂ ಬೇಡ. ಶಿರಾಡಿ, ಚಾರ್ಮಾಡಿ ಘಾಟಿ ಇಳಿಯುವಾಗ ಲೋಡ್ ಗಾಡಿನ ಹಿಡಿಯೋದು ಇಂಜಿನ್ ಬ್ರೇಕು, ಅದು ಚಕ್ರಕ್ಕೆ ಹೋಗೋದೇ ಈ ಶಾಫ್ಟಿಂದ. ಇಳಿಜಾರಲ್ಲಿ ಕ್ರಾಸ್ ಕಟ್ ಆದ್ರೆ ಯಾವ ಗೇರಲ್ಲಿದ್ರೂ ಗಾಡಿ ನ್ಯೂಟ್ರಲ್ಲಲ್ಲಿ ಇದ್ದ ಹಾಗೇ ಓಡುತ್ತೆ, ಮುಂದಿನ ಕ್ರಾಸೇ ಕಟ್ ಆದ್ರೆ ಶಾಫ್ಟ್ ರೋಡಿಗೆ ಚುಚ್ಕೊಳ್ಳುತ್ತೆ.

ಹಾಕಿದ್ಮೇಲೆ ಗ್ರೀಸ್ ಮರೀಬೇಡಿ, ನಾಲ್ಕೂ ಕಪ್ಪಿನ ಸೀಲಿಂದ ಹೊಸ ಗ್ರೀಸ್ ಇಣುಕೋ ತನಕ ಹೊಡೀಬೇಕು, ಒಂದರಲ್ಲಿ ಬಂದಿಲ್ಲ ಅಂದ್ರೆ ಶಾಫ್ಟ್ ಅಲ್ಲಾಡ್ಸಿ ಮತ್ತೆ ಹೊಡೀರಿ. ವಾಟರ್ ಸರ್ವಿಸ್ ಮಾಡಿಸಿದಾಗೆಲ್ಲ, ಮಳೆಗಾಲದಲ್ಲಿ ತೋಟದ ಕೆಸರಲ್ಲಿ ಓಡಾಡಿದಾಗೆಲ್ಲ ಗ್ರೀಸ್ ಮಾಡಿಸಿ, ಮತ್ತೆ ಗಾಡಿ ಕೆಳಗೆ ಡೀಸೆಲ್ ಸ್ಪ್ರೇ ಮಾಡೋರಿಗೆ ಕ್ರಾಸಿನ ಸೀಲ್ ಕಡೆ ಹೊಡೀಬೇಡಿ ಅಂತ ನಿಂತು ಹೇಳಿ.